ಬೀಜದ ಗಡ್ಡೆಯ ಪಲ್ಯ

ಆಗ ನಾನು ಗುಲಬರ್ಗಾದಲ್ಲಿ ಎಂ.ಎ. ಓದುತ್ತಿದ್ದೆ. ಅಥವಾ ಬಿ.ಎ. ಕೊನೆಯ ವರ್ಷ ಇದ್ದೀತು. ಊಟಕ್ಕೆ ಬಂದವರು ನಾಲ್ವರು ಎಂದು ನನ್ನ ನೆನಪು; ಕಾಕಾ ಆರು ಮಂದಿ ಅನ್ನುತ್ತಾರೆ. (ನನ್ನ ನೆನಪು ಯಾವಾಗಲೂ ನನ್ನ ತಪ್ಪನ್ನು ಕಡಿಮೆ ಮಾಡಿಯೇ ಹೇಳುತ್ತದೆ.) ಪಲ್ಯ ಮಾಡಿದ್ದು ಮಾತ್ರ ನಾನೇ.

ದಸರಾ ಸೂಟಿಗೆ ಹಿರೋಳ್ಳಿಯ ಕಾಕಾನ ಮನೆಗೆ ಹೋಗಿದ್ದೆ. ಕಾಕಿ ದೇವಿಯ ದರ್ಶನಕ್ಕೆಂದು ಘತ್ತರಗಿಗೆ ಹೋಗಿದ್ದಳು. ಎತ್ತು ನೋಡಲು ಅಫಜಲಪುರದವರು ಬಂದುಬಿಟ್ಟರು. ಮನೆಯಲ್ಲಿ ಕಾಯಿಪಲ್ಲೆ ಇಲ್ಲ. ಹುಡುಕಿದರೆ ಕತ್ತಲೆ ಕೋಣೆಯ ಮೂಲೆಯ ಬುಟ್ಟಿಯಲ್ಲಿ, ಉಸುಕಿನೊಳಗೆ, ಕೆಂಪು ಸಿಪ್ಪೆಯ ಪುಟ್ಟ ಆಲೂಗಡ್ಡೆ! ಮುದುಡಿದ್ದವು, ಮೊಳಕೆ ಬೇರೆ ಬಂದಿತ್ತು. ಪಾಪ, ಕಾಕಿ ಇಟ್ಟು ಮರೆತಿದ್ದಾಳೆ ಅಂದುಕೊಂಡೆ. ಮೊಳಕೆಯಲ್ಲಿ ವಿಷ ಇರುತ್ತದೆ ಅಂತ ಓದಿದ್ದೆನಲ್ಲ? ಕಿತ್ತೆ. ಸಿಪ್ಪೆಯನ್ನೂ ಬೆರಳುದಪ್ಪ ಹೆರೆದೆ. ಯುನಿವರ್ಸಿಟಿ ಓದು ಅಂದರೆ ಸುಮ್ಮನೆಯೇ?

ಬಂದವರು ರೊಟ್ಟಿ ಮೇಲೆ ರೊಟ್ಟಿ ಹಾಕಿಸಿಕೊಂಡರು. "ಇಂಥಾ ಆಲೂ ಪ್ಯಾಟ್ಯಾಗ ಸಿಗಂಗಿಲ್ಲ ಬಿಡ್ರಿ," ಅಂದರು.

ಹೇಗೆ ಸಿಕ್ಕೀತು? ಕಾಕಿಯ ಅತ್ತೆ ಮಹಾರಾಷ್ಟ್ರದ ತವರಿನಿಂದ ಉಡಿಯಲ್ಲಿ ತಂದ ತಳಿ ಅದು. ಬಾವಿಯ ಹತ್ತಿರ ಎರಡು ಸಾಲು ಬೆಳೆದು, ಮದುವೆಯಾಗಿ ಹೋಗುವ ಪ್ರತಿ ಹುಡುಗಿಯ ಉಡಿಗೆ ಐದು ಗಡ್ಡೆ ಹಾಕುವುದು ಆ ಮನೆಯ ಪದ್ಧತಿ. ಹಾಗೆ ಒಯ್ದವರ ಮನೆಗಳಲ್ಲಿ ಬೀಜ ಯಾವಾಗಲೋ ಕೊಳೆತುಹೋಗಿತ್ತು. ಉಳಿದಿದ್ದು ಆ ಬುಟ್ಟಿ ಒಂದೇ.

ಮರುದಿನ ಕಾಕಿ ಬಂದು ಖಾಲಿ ಬುಟ್ಟಿ ನೋಡಿದಳು.

"ಬೀಜಾನ ಉಂಡ್ರೇನಬೇ?"

"ಪಲ್ಯಾ ಛಲೋ ಆಗಿತ್ತು," ಅಂದರು ಕಾಕಾ. ಅನ್ನಬಾರದಿತ್ತು.

"ನೀವ್ ಸುಮ್ನ ಕೂಡ್ರಿ. ಶಕ್ಕೂ, ಸಿಪ್ಪಿ ಎಲ್ಲಿ ಒಗದೀ?"

"ತಿಪ್ಪ್ಯಾಗ, ಕಾಕಿ."

ಕಾಕಿ ಸೆರಗು ಸಿಗಿಸಿ ತಿಪ್ಪೆಗೆ ಇಳಿದಳು. ಹಿಂದೆ ನಾನು. ಮೊಳಕೆಯೊಡೆಯುವ ಕಣ್ಣು ಉಳಿದಿದ್ದ ಸಿಪ್ಪೆಗಳನ್ನು ಒಂದೊಂದಾಗಿ ಆರಿಸಿ ಬೂದಿಯಲ್ಲಿ ಹೊರಳಿಸಿದಳು.

"ಏಟ್ ದಪ್ಪ ಹೆರದೀಬೇ! ನಿನಗ ಅಡಗಿ ಬರತಿದ್ರ ಈ ಗಡ್ಡಿ ಕಥಿ ಇವತ್ತಿಗೇ ಖತಂ ಆಗತಿತ್ತು."

ಸಿಪ್ಪೆಗಳನ್ನೇ ನೆಟ್ಟಳು. ಮುಕ್ಕಾಲು ಪಾಲು ಕೊಳೆತವು. ಉಳಿದವು ಗೋಲಿಯಷ್ಟು ಗಡ್ಡೆ ಕೊಟ್ಟವು. ಮುಂದೆ ಎಷ್ಟೋ ವರ್ಷ ಒಂದನ್ನೂ ಯಾರೂ ಬಾಯಿಗಿಡಲಿಲ್ಲ.

ಮೊನ್ನೆ ನನ್ನ ತಂಗಿ ಮಹಾನಂದಾಳನ್ನು ಜೇವರ್ಗಿಗೆ ಕೊಟ್ಟೆವು. ಕಾಕಿ ಅವಳ ಉಡಿಗೆ ಅಕ್ಕಿ, ಕೊಬ್ಬರಿಯ ಜೊತೆ ಐದು ಕೆಂಪು ಗಡ್ಡೆ ಹಾಕಿದಳು. ನನ್ನ ಮದುವೆಯಲ್ಲಿ ಹಾಕಿದ್ದು ಐದು ಉತ್ತತ್ತಿ. (ಇದು ತಪ್ಪು ನೆನಪಲ್ಲ, ಫೋಟೋ ಇದೆ.)

ತಂಗಿಯ ಉಡಿಯ ಗಂಟು ಬಿಗಿಯುತ್ತಿದ್ದ ಕಾಕಿಯನ್ನು ಮೆಲ್ಲಗೆ ಕೇಳಿದೆ.

"ಕಾಕಿ, ನನ್ನ ಮದವ್ಯಾಗ ಬೀಜ ಕಡಿಮಿ ಇತ್ತೋ, ನನ್ನ ಮ್ಯಾಲ ಭರೋಸಾ ಇರಲಿಲ್ಲೋ?"