ಪರಸ್ಥಾನ ಇಟ್ಟ ಸಂಜೆ

ಕಂಬಳಿಯ ವಾಸನೆ ನಿಮಗೂ ಗೊತ್ತಿರಬೇಕು. ಎಷ್ಟು ಒಗೆದರೂ, ಎಷ್ಟು ಬಿಸಿಲಿಗೆ ಹಾಕಿದರೂ ಕುರಿ ಅದರೊಳಗಿಂದ ಪೂರ್ತಿ ಎದ್ದು ಹೋಗುವುದಿಲ್ಲ. ಮೊನ್ನೆ ಅಟ್ಟದಿಂದ ನಮ್ಮವ್ವನ ಕರಿ ಕಂಬಳಿ ಇಳಿಸಿ ಸೂಟ್‌ಕೇಸಿಗೆ ತುರುಕುತ್ತಿದ್ದೆ. ಮಗಳು ಕೊಲ್ಲಾಪುರದಲ್ಲಿ ತುಂಬು ಬಸುರಿ. ಚೊಚ್ಚಲು ಹೆರಿಗೆ ತವರಲ್ಲೇ ಆಗಬೇಕು, ಆದರೆ ಡಾಕ್ಟರು ಅವಳಿಗೆ ಹಾಸಿಗೆ ಬಿಟ್ಟು ಏಳಬಾರದು ಎಂದಿದ್ದಾರೆ. ಹೀಗಾಗಿ ಚಳ್ಳಕೆರೆಯಿಂದ ತವರೇ ಅಲ್ಲಿಗೆ ಹೊರಡಬೇಕಾಯಿತು. ತವರು ಎಂದರೆ ನಾನು, ಮತ್ತು ಎಷ್ಟು ಒತ್ತಿದರೂ ಮುಚ್ಚದ ಆ ಸೂಟ್‌ಕೇಸು.

ಟೀಚರಾಗಿ ನಿವೃತ್ತಳಾದವಳು ನಾನು. ಎಲ್ಲವೂ ಸಾಲಾಗಿ ನಿಲ್ಲಬೇಕು. ಶುಂಠಿ, ಮೆಣಸು, ಓಂಕಾಳು, ಮೆತ್ತನೆಯ ಹಳೇ ಸೀರೆಗಳು ಎಲ್ಲ ಇಡುವುದು, ಅನುಮಾನ ಬಂದು ತೆಗೆಯುವುದು, ಮತ್ತೆ ಇಡುವುದು. ನಡುನಡುವೆ ಮಗಳಿಗೆ ಫೋನು ಮಾಡಿ ಎಡಮಗ್ಗುಲಿಗೆ ಮಲಗು, ಮಜ್ಜಿಗೆ ಕುಡಿ, ಬಗ್ಗಬೇಡ ಎಂದು ಪಾಠ ಒಪ್ಪಿಸುವುದು. ಕೆಲವು ದಿನಗಳಿಂದ ಅವಳು ಬರೀ ಹ್ಞೂಂ ಅನ್ನುತ್ತಿದ್ದಳು. ಆ ಹ್ಞೂಂ ಕೇಳಿದಾಗಲೆಲ್ಲ ನನಗೆ ಹೆದರಿಕೆಯಾಗುತ್ತಿತ್ತು. ಹೆದರಿಕೆಯಾದಷ್ಟೂ ನಾನು ಇನ್ನೊಂದು ಡಬ್ಬಿ ತುಂಬುತ್ತಿದ್ದೆ.

ಕಂಬಳಿ ಮುಖಕ್ಕೆ ತಾಗಿದ್ದೇ ಬಿ.ಜಿ. ಕೆರೆಯ ನಮ್ಮ ತವರುಮನೆಯ ಕಟ್ಟೆ ಕಣ್ಣಮುಂದೆ ಬಂತು. ಆಗಷ್ಟೇ ನನಗೆ ರಾಯಚೂರಿನ ಕಡೆ ಟೀಚರ್ ಕೆಲಸ ಸಿಕ್ಕಿತ್ತು. ಶುಕ್ರವಾರ ಹೊರಡಲೇಬೇಕು. ಶುಕ್ರವಾರ ಹೆಣ್ಣುಮಗಳನ್ನು ಮನೆಯಿಂದ ಕಳಿಸುವಂತಿಲ್ಲ. ನಮ್ಮ ಹಿರಿಯರು ಬುದ್ಧಿವಂತರು, ಇಂಥದ್ದಕ್ಕೆಲ್ಲ ಒಂದು ಹಿತ್ತಲ ಬಾಗಿಲು ಇಟ್ಟೇ ಇರುತ್ತಾರೆ. ಅದಕ್ಕೆ ಪರಸ್ಥಾನ ಎಂದು ಹೆಸರು. ಹೊರಡುವವರ ಗಂಟನ್ನು ಹಿಂದಿನ ದಿನವೇ ಪಕ್ಕದ ಮನೆಯಲ್ಲಿ ಇಟ್ಟು ಬರುವುದು. ಗಂಟು ಹೊಸ್ತಿಲು ದಾಟಿದರೆ ಮನುಷ್ಯರೇ ದಾಟಿದ ಹಾಗೆ. ಆಮೇಲೆ ಅದನ್ನು ಬಿಚ್ಚಬಾರದು, ವಾಪಸು ತರಬಾರದು. ಒಂದು ಸೀರೆ, ಹಿಡಿ ಅಕ್ಕಿ, ಅಡಿಕೆ ಕಟ್ಟಿ ಇಟ್ಟರೆ ಸಾಕು. ಅವ್ವ ಮಾತ್ರ ನನ್ನ ಟ್ರಂಕನ್ನೇ ಹೊರಿಸಿ ಕಳಿಸಿಬಿಟ್ಟಳು.

ಬಾಚಣಿಗೆ ಇಟ್ಟೆನೋ ಇಲ್ಲವೋ ಎಂದು ಸ್ವಲ್ಪ ಹೊತ್ತಿಗೇ ಪಕ್ಕದ ಮನೆಗೆ ಓಡಿದೆ. ಅಲ್ಲಿ ತೆಲುಗು ಮಾತಿನ ಓಬಳಮ್ಮತ್ತೆ ನನ್ನ ಟ್ರಂಕಿನ ಮೇಲೆಯೇ ಕೂತು ಸೊಪ್ಪು ಸೋಸುತ್ತಿದ್ದಳು. "ಇಂಕ ಮುಟ್ಟಕೂಡದಮ್ಮಾ" ಎಂದಳು, ತಲೆ ಎತ್ತದೆ. ಮುಖ ಊದಿಸಿಕೊಂಡು ವಾಪಸು ಬಂದರೆ ಅವ್ವ ಕಟ್ಟೆಯ ಮೇಲೆ ಇದೇ ಕಂಬಳಿ ಹಾಸಿದ್ದಳು.

"ನೀನು ಹೊಂಟಾಗೈತೆ. ಇನ್ನ ಈ ಮನೆಗೆ ನೀನು ನೆಂಟಳು. ಸುಮ್ನೆ ಕುಂತ್ಕ."

ನೆಂಟರಿಗೆ ಕೆಲಸ ಹೇಳುವುದುಂಟೆ? ಕಸ ಗುಡಿಸಲು ಹೋದರೆ ಪೊರಕೆ ಕಿತ್ತುಕೊಂಡಳು. ಎಣ್ಣೆ ಹಚ್ಚಿ ತಲೆ ಬಾಚಿದಳು. ಹುರಿದ ಶೇಂಗಾ ಸುಲಿದು ಸುಲಿದು ನನ್ನ ಕೈಗೆ ಹಾಕಿದಳು. ಮದುವೆಯಾಗಿ ಪರಶುರಾಂಪುರದಿಂದ ಬಂದ ಹೊಸದರಲ್ಲಿ ಕುರಿಹಟ್ಟಿಯೊಳಗೆ ಕೂತು ತಾನು ಯಾರಿಗೂ ಕಾಣದಂತೆ ಅಳುತ್ತಿದ್ದುದನ್ನು ಹೇಳಿದಳು. ಅದಕ್ಕೆ ಮುಂಚೆ ಆ ಮಾತನ್ನು ಅವಳ ಬಾಯಲ್ಲಿ ಕೇಳಿರಲಿಲ್ಲ. ನನಗೂ ಹೆದರಿಕೆ ಎಂದೆ. ಅವಳು ಸಮಾಧಾನ ಹೇಳಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಇನ್ನಷ್ಟು ಹತ್ತಿರ ಸರಿದು ಕೂತಳು.

ಟ್ರಂಕು ಮನೆಯಲ್ಲಿದ್ದಿದ್ದರೆ ಆ ಸಂಜೆಯನ್ನು ನಾನು ಟ್ರಂಕಿನ ಜೊತೆ ಕಳೆಯುತ್ತಿದ್ದೆ. ಅವ್ವನಿಗೆ ನಾನು ಬೇಕಾಗಿದ್ದೆ. ಇದು ನನಗೆ ಹೊಳೆಯುವ ಹೊತ್ತಿಗೆ ಅವ್ವ ಇರಲಿಲ್ಲ. ಬಾಚಣಿಗೆಯೇನೋ ರಾಯಚೂರಿನಲ್ಲೂ ಸಿಕ್ಕಿತು. ಆ ಸಂಜೆ ಮಾತ್ರ ಮತ್ತೆ ಎಲ್ಲೂ ಸಿಗಲಿಲ್ಲ.

ನನ್ನ ಕೊಲ್ಲಾಪುರದ ಟಿಕೆಟ್ಟೂ ಶುಕ್ರವಾರದ್ದೇ. ಗುರುವಾರ ಮಧ್ಯಾಹ್ನ ಡಬ್ಬಿಗಳಲ್ಲಿ ಅರ್ಧ ತೆಗೆದು ಅಡುಗೆಮನೆಗೆ ಹಿಂದಿರುಗಿಸಿದೆ. ಕಂಬಳಿಯನ್ನು ಬೇರೆ ಸುತ್ತಿ ಕಟ್ಟಿ, ಸೂಟ್‌ಕೇಸನ್ನೂ ಅದನ್ನೂ ಪಕ್ಕದ ಮನೆಯ ಶಾಹೀನಾಳ ಹಜಾರದಲ್ಲಿ ಇಟ್ಟು ಬಂದೆ. ವಿಷಯ ತಿಳಿಸಿದ ಮೇಲೆ ಅವಳು ನಕ್ಕು, ನಾಳೆವರೆಗೆ ನೀವೇ ಬಂದು ಕೇಳಿದರೂ ಕೊಡುವುದಿಲ್ಲ ಎಂದಳು. ಮನೆಗೆ ಬಂದು ನೋಡಿದರೆ ನನ್ನ ಕನ್ನಡಕ ಸೂಟ್‌ಕೇಸಿನೊಳಗೇ ಹೋಗಿದೆ. ತಂದುಕೊಡಲೇ ಎಂದು ನಮ್ಮ ಮನೆಯವರು ಚಪ್ಪಲಿ ಮೆಟ್ಟಿದರು. ಬೇಡ ಎಂದೆ. ಕನ್ನಡಕವಿಲ್ಲದ ಕಣ್ಣಿಗೆ ಮನೆಯ ಧೂಳೂ ಕಾಣಲಿಲ್ಲ. ನೆಂಟಳ ಹಾಗೆ ಕೂತೆ, ಅವರು ಮಾಡಿಕೊಟ್ಟ ಚಹಾ ಕುಡಿದೆ.

ಸಂಜೆ ಮಗಳಿಗೆ ಫೋನು ಮಾಡಿದೆ. ಮಜ್ಜಿಗೆ, ಎಡಮಗ್ಗುಲು ಎಲ್ಲವೂ ನಾಲಿಗೆಯ ತುದಿಗೆ ಬಂದು ನಿಂತವು. ನುಂಗಿಕೊಂಡೆ. ಏನು ಮಾಡುತ್ತಿದ್ದೀಯ ಎಂದಷ್ಟೇ ಕೇಳಿ ಸುಮ್ಮನಾದೆ. ಅವಳ ಕಡೆ ಫ್ಯಾನು ತಿರುಗುವ ಸದ್ದು ಕೇಳಿಸುತ್ತಿತ್ತು.

"ಅವ್ವ, ನಂಗೆ ಭಾಳ ಹೆದ್ರಿಕೆ ಆಗ್ತೈತೆ" ಎಂದಳು.

ಇಷ್ಟು ದಿನ ಆ ಮಾತು ಹೊರಬರಲು ನಾನು ಜಾಗವನ್ನೇ ಬಿಟ್ಟಿರಲಿಲ್ಲ. ಅವಳು ಅತ್ತು ಹಗುರಾಗುವವರೆಗೂ ಕೇಳಿಸಿಕೊಂಡೆ. ಕೊನೆಗೆ ಮೂಗೊರೆಸಿಕೊಂಡು, ನಾಳೆ ಎಷ್ಟೊತ್ತಿಗೆ ಹೊರಡುತ್ತೀಯ ಎಂದು ಕೇಳಿದಳು.

"ನಾನು ಹೊಂಟಾಗೈತೆ ಕಣವ್ವ" ಎಂದೆ.