ಕತ್ತರಿಸಿದ ಉಡುದಾರ

ನಮ್ಮ ಕಡೆ ಗಂಡಸಿನ ಉಡುದಾರ ಕತ್ತರಿಸುವುದು ಹೆಣದ ಮೈ ತೊಳೆಯುವಾಗ ಮಾತ್ರ. ಮೈಸೂರಿನ ಆ ಆಸ್ಪತ್ರೆಯ ನರ್ಸಿಗೆ ಇದು ಗೊತ್ತಿರಲಿಲ್ಲ. ಗೊತ್ತಿರಬೇಕಿತ್ತು ಅಂತ ನನಗೆ ಇವತ್ತಿಗೂ ಸಿಟ್ಟಿದೆ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷ ಆಗಿತ್ತು. ಅರಕಲಗೂಡಿನ ಹತ್ತಿರದ ನಮ್ಮ ಹೊಲದಲ್ಲಿ ಹೊಗೆಸೊಪ್ಪು ಮುರಿಯುತ್ತಿದ್ದ ಅಪ್ಪ ಎದೆ ಹಿಡಿದುಕೊಂಡು ಕುಸಿದರು. ಹಾಸನದ ಡಾಕ್ಟರು ನೋಡಿ, ಇಲ್ಲಿ ಆಗಲ್ಲ ಅಂತ ಮೈಸೂರಿಗೆ ಕಳಿಸಿದರು. ಹೊಳೆನರಸೀಪುರ ದಾಟುವವರೆಗೂ ಅಪ್ಪ ಆಂಬುಲೆನ್ಸಿನಲ್ಲಿ ಸೊಪ್ಪಿನ ಚಿಂತೆಯನ್ನೇ ಬಡಬಡಿಸುತ್ತಿದ್ದರು. ಆಮೇಲೆ ಮಾತು ನಿಂತಿತು. ಮೈಸೂರಿನ ಡಾಕ್ಟರು, "ಹೃದಯಕ್ಕೆ ಶಕ್ತಿ ಸಾಲದು. ತೊಡೆಯ ಸಂದಿಯಿಂದ ಒಂದು ಪಂಪ್ ಇಳಿಸ್ತೀವಿ, ಸ್ವಲ್ಪ ದಿನದ ಆಸರೆಗೆ" ಎಂದು ಒಳಗೆ ಕರೆದೊಯ್ದರು.

ಸ್ವಲ್ಪ ಹೊತ್ತಿಗೆ ನರ್ಸ್ ಬಂದು, ಏನೂ ಹೇಳದೆ, ಅವ್ವನ ಕೈಗೊಂದು ಪ್ಲಾಸ್ಟಿಕ್ ಕವರ್ ಕೊಟ್ಟು ಹೋದಳು. ಅದರೊಳಗೆ ಅಪ್ಪನ ಕತ್ತರಿಸಿದ ಉಡುದಾರವಿತ್ತು.

"ಓಗ್ಬುಟ್ರಲ್ಲಪ್ಪೋ!" ಎಂದು ಅವ್ವ ಎರಡೂ ಕೈಯನ್ನು ಗೋಡೆಗೆ ಬಡಿದಳು. ಬಳೆಯೆಲ್ಲ ಚೂರುಚೂರು. ನಾನು ತಡೆಯಲಿಲ್ಲ, ನಾನೂ ಹಾಗೇ ತಿಳಿದಿದ್ದೆ. ಕೂಗು ಕೇಳಿ ನರ್ಸ್ ಓಡಿಬಂದಳು. "ಬದುಕಿದ್ದಾರಮ್ಮ! ಪಂಪ್ ಹಾಕೋ ಜಾಗಕ್ಕೆ ಅಡ್ಡ ಬರ್ತಿತ್ತು, ಕತ್ತರಿಸಿದ್ವಿ ಅಷ್ಟೇ."

ಅವ್ವ ತನ್ನ ಬರಿಗೈ ನೋಡಿಕೊಂಡಳು. ಗಂಡ ಬದುಕಿರುವಾಗಲೇ ಬಳೆ ಒಡೆದುಕೊಂಡಿದ್ದಳು! ಖುಷಿಪಡಬೇಕಾದ ಹೊತ್ತಲ್ಲಿ ನಾನು ನೆಲದ ಮೇಲಿನ ಬಳೆಚೂರು ಆಯುತ್ತ ಕೂತೆ.

ಎರಡು ದಿನ ಕಳೆದು ಡಾಕ್ಟರು, "ಇನ್ನೂ ಇಟ್ಟರೆ ಕಾಲಿಗೆ ರಕ್ತ ಹರಿಯೋದು ನಿಲ್ಲುತ್ತೆ, ಈಗ ಪಂಪ್ ತೆಗೀಬೇಕು. ಹೃದಯ ತಾನಾಗಿ ನಡೆಯುತ್ತೆ ಅಂತ ಹೇಳೋಕಾಗಲ್ಲ. ಮೊದಲು ಹೋಗಿ ಮಾತಾಡಿಸಿ" ಎಂದರು. ಅವ್ವ ಕೂತಲ್ಲಿಂದ ಏಳಲಿಲ್ಲ.

"ಬರೀ ಕೈಲಿ ಅವರ್ ಮುಂದಕ್ಕೆ ಎಂಗೆ ಓಗ್ಲಿ ಮಗಾ?"

ನನ್ನ ಗಾಜಿನ ಬಳೆಗಳನ್ನು ಬಿಚ್ಚಿ, ಸೋಪು ಹಚ್ಚಿ ಅವಳ ಗಾಯದ ಕೈಗೆ ತೂರಿಸಿದೆ. ಬಾಗಿಲವರೆಗೆ ಜೊತೆಗೆ ಹೋಗಿ ನಿಂತೆ.

ಅಪ್ಪನಿಗೆ ಪ್ರಜ್ಞೆಯಿತ್ತು. "ಕೈಗೇನಾಯ್ತಮ್ಮಿ?"

"ಜಾರ್‌ಬಿದ್ದೆ."

"ನೋಡ್ಕಂಡ್ ಓಡಾಡಕಾಗಲ್ವಾ ನಿಂಗೆ?" ಎಂದು ಗದರಿದರು. ಬೈಸಿಕೊಂಡ ಅವ್ವ ನಗುನಗುತ್ತ ಹೊರಗೆ ಬಂದಳು.

ಪಂಪ್ ತೆಗೆದ ಮೇಲೆ ಅಪ್ಪ ಉಳಿಯಲಿಲ್ಲ.

ಊರಲ್ಲಿ ಮಣ್ಣಿಗೆ ಹೊರಡುವ ಮುಂಚೆ ದೊಡ್ಡಮ್ಮ ಬಳೆ ಒಡೆಯಲು ಕಲ್ಲು ಹಿಡಿದು ಬಂದಳು. ಅವ್ವ ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ನೆರೆದವರೆಲ್ಲ ಬೆಚ್ಚಿಬಿದ್ದರು.

"ಅವರ್ ಎಸ್ರಿನ್ ಬಳೆ ಆವತ್ತೇ ಒಡ್ದಾಗದೆ ಕಣಕ್ಕ. ಇವು ನನ್ ಮಗಳ್ವು. ಮುಟ್‌ಬ್ಯಾಡ."