ಕೈಗಾಗಿ ಬಿಟ್ಟ ಬೀಡಿ

ಅವರೆಕಾಯಿಯ ಸೊಗಡು ಒಮ್ಮೆ ಬೆರಳಿಗೆ ಹತ್ತಿತೆಂದರೆ ಸೋಪಿಗೂ ಬಗ್ಗುವುದಿಲ್ಲ ಎಂಬುದು ನಿಮಗೂ ಗೊತ್ತಿರಬೇಕು. ಇವತ್ತು ಬೆಳಿಗ್ಗೆ ಸಾರಿಗೆಂದು ನೆನೆದ ಕಾಳನ್ನು ಹಿತುಕುತ್ತ ಕೂತಿದ್ದೆ. ಆ ಸೊಗಡಿನ ಜೊತೆಗೆ ಜಗಲಿಯಿಂದ ಬೀಡಿ ಹೊಗೆಯೂ ತೇಲಿ ಬಂತು. ನಮ್ಮ ಮಾವನವರದು. ಎರಡೂ ಸೇರಿ ನನ್ನನ್ನು ಅವರ ಕೈ ಆಪರೇಷನ್ನಿನ ಕಾಲಕ್ಕೆ ಎಳೆದುಕೊಂಡು ಹೋದವು.

ನಾನು ಚಿಂತಾಮಣಿಯಿಂದ ಮೇಲೂರಿಗೆ ಸೊಸೆಯಾಗಿ ಬರುವ ಮೊದಲೇ ಅತ್ತೆ ತೀರಿಕೊಂಡಿದ್ದರು. ಮಾವನಿಗೆ ಜಗಲಿ, ಬೀಡಿ, ಹಿಪ್ಪುನೇರಳೆ ತೋಟ, ಇಷ್ಟೇ ಲೋಕ. ವರ್ಷಗಟ್ಟಲೆ ನನ್ನೊಡನೆ ಅವರು ಆಡಿದ್ದು "ನೀರು ಕೊಡಮ್ಮ", "ಮಗ ಬಂದ್ನಾ" ಎಂಬ ಎರಡೇ ಮಾತು. ಒಂದು ದಿನ ಸ್ನಾನದ ಹಂಡೆಯ ಕುದಿನೀರು ಅವರ ಬಲಗೈ ಮೇಲೆ ಬಿತ್ತು. ಗಾಯವೇನೋ ಮಾಯಿತು. ಆದರೆ ಅಂಗೈ ಚರ್ಮ ಸುಕ್ಕುಗಟ್ಟಿ ಬೆರಳುಗಳನ್ನೆಲ್ಲ ಒಳಕ್ಕೆ ಎಳೆದುಕೊಂಡಿತು. ಮುದ್ದೆ ಮುರಿಯಲೂ ಆಗದು.

ಬೆಂಗಳೂರಿನ ಡಾಕ್ಟರು ಹೇಳಿದರು: "ಹೊಟ್ಟೆ ಚರ್ಮ ತಂದು ಅಂಗೈಗೆ ಕೂಡಿಸ್ತೀವಿ. ಅದು ಹಿಡಿಯೋವರೆಗೂ ಕೈಯನ್ನ ಹೊಟ್ಟೆಗೇ ಹೊಲಿದಿರ್ತೀವಿ. ಆದ್ರೆ ಬೀಡಿ ಸೇದಿದ್ರೆ ಅಲ್ಲಿಗೆ ರಕ್ತ ಹರಿಯಲ್ಲ, ಹಾಕಿದ ಚರ್ಮ ಕಪ್ಪಾಗಿ ಸತ್ತೇಹೋಗುತ್ತೆ. ಇವತ್ತೇ ಬಿಡಿ. ಗಾಯ ಪೂರ್ತಿ ಮಾಯೋವರೆಗೂ ಮುಟ್ಬೇಡಿ."

ಮಾವ ಬಿಟ್ಟರು! ಕಾವಲಿಗೆ ನಾನು. ಅವರು ಹಿತ್ತಲಿನಿಂದ ಬಂದರೆ ಪೊಲೀಸ್ ನಾಯಿಯ ಹಾಗೆ ಮೂಸುತ್ತಿದ್ದೆ. ಬೀಡಿ ಅಂಗಡಿಯ ಖಾದರ್ ಸಾಬರಿಗೂ ಹೇಳಿಬಂದಿದ್ದೆ. ಮಾವ ಒಮ್ಮೆ ಅಲ್ಲಿಗೆ ಹೋಗಿ ನಿಂತಾಗ ಸಾಬರು, "ಗೌಡ್ರೇ, ಕೈ ಸರಿಯಾಗ್ಲಿ, ಆಮೇಲೆ ಬನ್ನಿ. ಈಗ ಬಾಳೆಹಣ್ಣು ತಿನ್ನಿ" ಎಂದು ಒಂದು ಹಣ್ಣು ಕಿತ್ತು ಕೊಟ್ಟರಂತೆ. ಮನೆಗೆ ಬಂದವರು ತೆಲುಗಿನಲ್ಲಿ ಬೈದರು. ಸಿಟ್ಟು ಬಂದರೆ ಅವರು ತೆಲುಗಿಗೆ ಇಳಿಯುತ್ತಿದ್ದರು. ಹಣ್ಣು ಮಾತ್ರ ತಿಂದು ಮುಗಿಸಿಯೇ ಬಂದಿದ್ದರು.

ಬೀಡಿಯಿಲ್ಲದ ಮನುಷ್ಯನಿಗೆ ಜಗಲಿ ಬೇಸರವಾಯಿತೋ ಏನೋ, ಮೆಲ್ಲಗೆ ಅಡಿಗೆಮನೆಯ ಹೊಸ್ತಿಲಿಗೆ ಬಂದು ಕೂರತೊಡಗಿದರು. ಎಡಗೈಯಲ್ಲೇ ಕಾಳು ಹಿತುಕಿಕೊಡುವರು. ಅರ್ಧ ಕಾಳು ಪಾತ್ರೆಗೆ, ಅರ್ಧ ನನ್ನ ಸೆರಗಿಗೆ. ಮಾತೂ ಶುರುವಾಯಿತು. ನಮ್ಮಪ್ಪ ಹೇಗಿದ್ದಾರೆಂದು ಮೊದಲ ಸಲ ಕೇಳಿದರು.

ಆಪರೇಷನ್ ಆಗಿ ಕೈ ಹೊಟ್ಟೆಗೆ ಅಂಟಿಕೊಂಡಿದ್ದಾಗ ಎಡಗೈಯಲ್ಲಿ ಊಟ ಮಾಡಲು ಅವರು ಸುತರಾಂ ಒಪ್ಪಲಿಲ್ಲ. ಯಜಮಾನರಿಗೆ ಡ್ಯೂಟಿ. ಕೊನೆಗೆ ನಾನೇ ತುತ್ತು ಕೊಡಬೇಕಾಯಿತು. ಮಾವನ ಬಾಯಿಗೆ ಸೊಸೆ ತುತ್ತಿಡುವುದೆಂದರೆ! ಇಬ್ಬರೂ ಗೋಡೆ ನೋಡುತ್ತ ಆ ಕೆಲಸ ಮುಗಿಸುತ್ತಿದ್ದೆವು.

ಒಂದು ಮಧ್ಯಾಹ್ನ ಗೋಡೆ ನೋಡುತ್ತಲೇ ಅವರು ಕೇಳಿದರು: "ನಿಮ್ಮತ್ತೆಗೆ ಹೊಗೆ ಆಗ್ತಿರ್ಲಿಲ್ಲ ಕಣಮ್ಮ. ಕೆಮ್ತಾ ಕೆಮ್ತಾ ಬಿಡಿ ಬಿಡಿ ಅಂತಿದ್ಲು. ನಂಗಾಗಲ್ಲ ಅಂತಿದ್ದೆ. ಈಗ ಒಂದು ಕೈಗೋಸ್ಕರ ಬಿಟ್ಟೆನಲ್ಲ, ಅವ್ಳಿಗಿಂತ ಕೈ ಹೆಚ್ಚಾಯ್ತಾ?"

"ಮುದ್ದೆ ಆರ್ತಾ ಇದೆ ಮಾವ" ಅಂದೆ.

ಚರ್ಮ ಹಿಡಿಯಿತು. ಕೈ ಬಿಡಿಸಿದರು, ಗಾಯ ಪೂರ್ತಿ ಮಾಯಿತು, ತಿಂಗಳುಗಳು ಕಳೆದು ಬೆರಳು ನೆಟ್ಟಗಾದವು. ಒಂದು ಬೆಳಿಗ್ಗೆ ಜಗಲಿಯಿಂದ ಹೊಗೆ ಬಂತು. ನನಗೆ ಅಳುವೇ ಬಂದುಬಿಟ್ಟಿತು. "ಇಷ್ಟೆಲ್ಲ ಆದ್ಮೇಲೂ ಯಾಕೆ ಮಾವ?" ಎಂದು ಕೇಳಿದೆ. ಅವರು ತಲೆಯೆತ್ತಲಿಲ್ಲ. "ಕೈಗೋಸ್ಕರ ಬಿಟ್ಟಿದ್ದು ಬಿಟ್ಟಂಗೇ ಉಳಿದ್ರೆ ಅವ್ಳಿಗೆ ಅನ್ಯಾಯ ಆಗ್ತದೆ ಕಣಮ್ಮ" ಅಂದರು.

ಅದು ಸಂಕಟವೋ, ಚಟದ ನೆಪವೋ? ಒಂದೊಂದು ಸಲ ಕಣ್ಣು ತುಂಬಿಬರುತ್ತದೆ, ಒಂದೊಂದು ಸಲ ಬೀಡಿ ಕಟ್ಟನ್ನೇ ಒಲೆಗೆ ಹಾಕೋಣ ಅನ್ನಿಸುತ್ತದೆ. ಮನೆಯವರಿಗೆ ಹೇಳಿದರೆ ನಕ್ಕಾರು. ನೀವಾದರೂ ಹೇಳಿ.

ಇವತ್ತು ಕಾಳು ಬಿಟ್ಟು ಎದ್ದು ಹೋಗಿ ಅವರ ಮುಂದೆ ನಿಂತೆ. "ಮಾವ, ನಂಗೆ ಹೊಗೆ ಆಗಲ್ಲ" ಅಂದೆ. ನಿಜ ಹೇಳಬೇಕೆಂದರೆ ಆ ಹೊಗೆ ನನಗೆ ಯಾವತ್ತೂ ತೊಂದರೆ ಕೊಟ್ಟಿಲ್ಲ. ಬಾಯಿಗೆ ಯಾಕೆ ಬಂತೋ.

ಮಾವ ನನ್ನನ್ನೇ ನೋಡಿದರು. ಈ ಸಲ ಗೋಡೆಯನ್ನಲ್ಲ. "ಮೊದ್ಲೇ ಹೇಳ್ಬಾರ್ದಿತ್ತಾ ತಾಯಿ" ಎಂದು ಬೀಡಿಯನ್ನು ಕಲ್ಲಿಗೆ ಒತ್ತಿ ಆರಿಸಿದರು.

ನಾನು ಒಳಗೆ ಬಂದುಬಿಟ್ಟೆ. ಹೇಳಿದ್ದು ಸುಳ್ಳಾಯಿತೋ, ನಿಜವೇ ಆಯಿತೋ ಇನ್ನೂ ತಿಳಿಯುತ್ತಿಲ್ಲ. ಆದರೆ ಇಷ್ಟು ಹೊತ್ತಾದರೂ ಮೂಸಿ ನೋಡಲು ಮಾತ್ರ ಹೋಗಿಲ್ಲ.